ಕಳ್ಳ ಅಂದ ಕೂಡಲೇ ಕಳ್ಳನಾಗುವುದಿಲ್ಲ



ಸಂತೆಯಲ್ಲೋ ಪೇಟೆಯ ಅಂಗಡಿಯಲ್ಲೋ ಒಂದು ಪೆನ್ನು ಕಾಣೆಯಾದರೆ ಮೊದಲು ಅನುಮಾನ ಬರೋದು ಮಕ್ಕಳ ಮೇಲೆ. “ಹಿಡೀರಿ ಕಳ್ಳನ್ನ” ಅಂತ ಒಬ್ಬರು ಕೂಗಿದರೆ ಸಾಕು, ನಾಲ್ಕು ಜನ ಕೈ ಎತ್ತುತ್ತಾರೆ. ಕಾನೂನು ಏನು ಹೇಳುತ್ತದೆ? ತಿಳಿದುಕೊಳ್ಳೋಣ.

ಕಳ್ಳತನ ಅಂದರೇನು?
ಇನ್ನೊಬ್ಬರ ವಸ್ತುವನ್ನು ಅವರ ಒಪ್ಪಿಗೆಯಿಲ್ಲದೆ, ಲಪಟಾಯಿಸುವ ಉದ್ದೇಶದಿಂದ, ಇದ್ದ ಜಾಗದಿಂದ ಸರಿಸುವುದು. ಅಂಗಡಿಯ ಹೊಸ್ತಿಲು ದಾಟಲೇಬೇಕು ಅಂತೇನಿಲ್ಲ. ಆದರೆ ದುಡ್ಡು ಕೊಡೋದು ನಿಜವಾಗಿ ಮರೆತಿದ್ದರೆ ಅದು ಕಳ್ಳತನವಲ್ಲ.

ಶಿಕ್ಷೆ ಏನು?
2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದರ 303ನೇ ಕಲಮಿನಲ್ಲಿ ಕಳ್ಳತನಕ್ಕೆ 3 ವರ್ಷದವರೆಗೆ ಸಜೆ, ಅಥವಾ ದಂಡ, ಅಥವಾ ಎರಡೂ ಇದೆ. ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆ, ಅಪರಾಧ ಸಾಬೀತಾದದ್ದು ಮೊದಲ ಸಲ, ವಸ್ತುವನ್ನೋ ಬೆಲೆಯನ್ನೋ ವಾಪಸು ಕೊಟ್ಟಾಗಿದೆ ಅಂದರೆ ಜೈಲಿನ ಬದಲು ಸಮುದಾಯ ಸೇವೆ. ಸಾಮಾನು ಇಡುವ ಕಟ್ಟಡದೊಳಗಿನ ಕಳ್ಳತನವೆಂದು 305ನೇ ಕಲಂ ಹಾಕಿದರೆ 7 ವರ್ಷದವರೆಗೂ ಸಜೆ ಆಗಬಹುದು. ಆದ್ದರಿಂದ ಯಾವ ಕಲಂ ಹಾಕಿದ್ದಾರೆಂದು ಕೇಳಲೇಬೇಕು.

ಮಕ್ಕಳಿಗೆ?
7 ವರ್ಷದೊಳಗಿನ ಮಗು ಮಾಡಿದ್ದು ಅಪರಾಧವೇ ಅಲ್ಲ. 18 ತುಂಬದವರಿಗೆ 2015ರ ಬಾಲನ್ಯಾಯ ಕಾಯ್ದೆ ಇದೆ. ಅವರನ್ನು ಲಾಕಪ್ಪಿಗೂ ಜೈಲಿಗೂ ಹಾಕುವಂತಿಲ್ಲ. ಅಪ್ಪ ಅಮ್ಮನಿಗೆ ತಿಳಿಸಬೇಕು. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು.

ಅಂಗಡಿಯವರು ಏನು ಮಾಡಬಹುದು?
ಅವರಿಗೂ ನಷ್ಟವಾಗುತ್ತದೆ, ನಿಜ. ಪೊಲೀಸರಿಗೆ ದೂರು ಕೊಡಬಹುದು. ಆದರೆ ಹೊಡೆಯುವುದು, ಕಂಬಕ್ಕೆ ಕಟ್ಟುವುದು, ತಲೆ ಬೋಳಿಸುವುದು ಯಾರಿಗೂ ಹಕ್ಕಲ್ಲ. ಹಾಗೆ ಮಾಡಿದರೆ ಅವರ ಮೇಲೂ ಕೇಸು ಆಗುತ್ತದೆ.

ವಕೀಲರಿಗೆ ದುಡ್ಡಿಲ್ಲದಿದ್ದರೆ?
1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಕ್ಕಳಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಬಂಧನದಲ್ಲಿರುವವರಿಗೆ ವಕೀಲರು ಉಚಿತ. ಉಳಿದ ಬಡವರಿಗೂ ಆದಾಯ ನೋಡಿ ಸಿಗುತ್ತದೆ. ತಾಲ್ಲೂಕು ಕೋರ್ಟಿಗೆ ಹೋಗಿ ತಾಲ್ಲೂಕು ಕಾನೂನು ಸೇವಾ ಸಮಿತಿ ಎಲ್ಲಿದೆ ಅಂತ ಕೇಳಿ. ಇಲ್ಲಾಂದ್ರೆ 15100ಕ್ಕೆ ಫೋನ್ ಮಾಡಿ.

ನೆನಪಿಡಿ:
1. ಓಡಬೇಡಿ. ಮನೆಯವರನ್ನು ಕರೆಸಿ ಅನ್ನಿ.
2. ಖಾಲಿ ಹಾಳೆಗೆ ಸಹಿ ಹಾಕಬೇಡಿ.
3. ಹೆದರಿ ಪೊಲೀಸರ ಮುಂದೆ ತಪ್ಪೊಪ್ಪಿಕೊಂಡ ಮಾತನ್ನು ಕೋರ್ಟು ಸಾಕ್ಷಿಯಾಗಿ ತೆಗೆದುಕೊಳ್ಳುವುದಿಲ್ಲ.

“ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು” ಅಂತ ಗಾದೆ. ಕದಿಯುವವರಿಗೆ ಹೇಳಿದ ಈ ಮಾತು, ವಿಚಾರಿಸದೆ ಕಳ್ಳ ಅನ್ನುವವರಿಗೂ ಸಲ್ಲುತ್ತದೆ ಅಲ್ವಾ? ಓದಿದ್ದನ್ನು ಮನೆಯಲ್ಲೂ ಹೇಳಿ.