ತಿಮಿಂಗಿಲ ಎಣಿಸುವವರಿಗೆ ಬೇಟೆಗಾರರು ಹೇಳಿದ್ದು

ತಪ್ಪು ಕಲ್ಪನೆ: ಸ್ಥಳೀಯರದು ಅನುಭವದ ಮಾತು, ಎಣಿಕೆ, ಅಳತೆ ಏನಿದ್ದರೂ ವಿಜ್ಞಾನಿಗಳ ಕೆಲಸ.

ಸತ್ಯ: ಈ ನಂಬಿಕೆಗೆ ಅಲಾಸ್ಕಾದ ಇನುಪಿಯಾಟ್ ಜನ ದೊಡ್ಡ ಬೆಲೆ ತೆತ್ತರು. ಬೋಹೆಡ್ ತಿಮಿಂಗಿಲಗಳು ಎರಡು ಸಾವಿರವೂ ಉಳಿದಿಲ್ಲವೆಂಬ ಅಂದಾಜನ್ನು ನೆಚ್ಚಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ 1977ರಲ್ಲಿ ಅವರ ಬೇಟೆಯನ್ನೇ ತಡೆಯಿತು. ಅದೇ ವರ್ಷದ ಕೊನೆಯಲ್ಲಿ ತುಸು ಸಡಿಲಿಸಿತಾದರೂ 1978ಕ್ಕೆ ಅವರ ಅಷ್ಟೂ ಹಳ್ಳಿಗಳಿಗೆ ಸೇರಿ ಸಿಕ್ಕಿದ್ದು 12 ತಿಮಿಂಗಿಲ. ಊರಿಗೆ ಊರೇ ಹಂಚಿಕೊಂಡು ತಿನ್ನುವ ಆಹಾರ ಅದು.

ವಿಜ್ಞಾನಿಗಳು ಎಣಿಸುತ್ತಿದ್ದುದು ಹೇಗೆ? ವಸಂತದಲ್ಲಿ ಬ್ಯಾರೋ ಊರಿನ (ಈಗ ಉಟ್ಕಿಯಾಗ್ವಿಕ್) ಮುಂದಿನ ಸಮುದ್ರದ ಮಂಜುಗಡ್ಡೆ ಬಿರುಕು ಬಿಟ್ಟು ನೀರಿನ ಹಾದಿಯೊಂದು ತೆರೆದುಕೊಳ್ಳುತ್ತದೆ. ಅದರಂಚಿನ ಮಂಜಿನ ದಿಬ್ಬದ ಮೇಲೆ ಕೂತು, ಉಸಿರಾಡಲು ಮೇಲೆದ್ದ ತಿಮಿಂಗಿಲಗಳನ್ನು ಬರೆದುಕೊಳ್ಳುತ್ತಿದ್ದರು. ಹಾದಿ ಮುಚ್ಚಿತೋ, ಅವುಗಳ ಓಡಾಟವೂ ನಿಂತಿತೆಂದು ತಿಳಿಯುತ್ತಿದ್ದರು. ಹಿರಿಯ ಬೇಟೆ ನಾಯಕ ಹ್ಯಾರಿ ಬ್ರೋವರ್ ವಿಜ್ಞಾನಿ ಥಾಮಸ್ ಆಲ್ಬರ್ಟ್‌ಗೆ ಹೇಳಿದ್ದು ಬೇರೆಯೇ: ಬೋಹೆಡ್‌ಗೆ ಮಂಜಿನ ಭಯವಿಲ್ಲ, ಅದರಡಿಯಲ್ಲೇ ಸಾಗುತ್ತದೆ, ತಲೆಯಿಂದ ಗುದ್ದಿ ಗಡ್ಡೆಯನ್ನು ಒಡೆದು ಉಸಿರಾಡುತ್ತದೆ, ದಿಬ್ಬದಿಂದ ಕಾಣದಷ್ಟು ದೂರದಲ್ಲೂ ಹಾದುಹೋಗುತ್ತದೆ.

ಹಾಗಾಗಿ 1980ರ ದಶಕದಲ್ಲಿ ಮಂಜಿನಂಚಿನ ಉದ್ದಕ್ಕೂ ನೀರಿಗೆ ಹೈಡ್ರೋಫೋನ್‌ಗಳನ್ನು, ಅಂದರೆ ನೀರಿನೊಳಗಿನ ಸದ್ದು ಹಿಡಿಯುವ ಮೈಕ್‌ಗಳನ್ನು, ಇಳಿಬಿಟ್ಟರು. ತಿಮಿಂಗಿಲದ ಒಂದೇ ಕೂಗು ಒಂದೊಂದು ಹೈಡ್ರೋಫೋನ್‌ಗೂ ಒಂದೊಂದು ಕ್ಷಣಕ್ಕೆ ತಲುಪುತ್ತದೆ. ಆ ಅಂತರ ಹಿಡಿದು ತಿಮಿಂಗಿಲ ಎಲ್ಲಿದೆಯೆಂದು ಲೆಕ್ಕ ಹಾಕಬಹುದು. ಹಾದಿ ಮುಚ್ಚಿದ್ದಾಗಲೂ ಕೂಗು ಕೇಳುತ್ತಲೇ ಇತ್ತು. ಉಪಕರಣ ವಿಜ್ಞಾನಿಗಳದ್ದೇ, ಆದರೆ ಎಲ್ಲಿ ಕಿವಿಗೊಡಬೇಕೆಂದು ಹೇಳಿದವರು ಬೇಟೆಗಾರರು.

ತಪ್ಪು ಕಲ್ಪನೆ: ಹಾಗಾದರೆ ಹಿರಿಯರು ಗೆದ್ದರು, ವಿಜ್ಞಾನ ಸೋತಿತು.

ಸತ್ಯ: 2011ರ ಎಣಿಕೆಯಲ್ಲಿ ಸಿಕ್ಕ ಅಂದಾಜು 17 ಸಾವಿರದ ಹತ್ತಿರ. ಎರಡು ಸಾವಿರವೆಲ್ಲಿ, ಹದಿನೇಳು ಸಾವಿರವೆಲ್ಲಿ ಎಂದು ಹಂಗಿಸುವವರು ಒಂದನ್ನು ಮರೆಯುತ್ತಾರೆ: ಈ ನಡುವೆ ತಿಮಿಂಗಿಲಗಳು ನಿಜಕ್ಕೂ ಹೆಚ್ಚಿವೆ, ವರ್ಷಕ್ಕೆ ಶೇ. 3.5ರ ಆಸುಪಾಸಿನಲ್ಲಿ. ಮೂವತ್ತು ಚಿಲ್ಲರೆ ವರ್ಷಕ್ಕೆ ಅದು ಮೂರು ಪಟ್ಟಾಗುತ್ತದೆ. ಅಂದರೆ 1978ರಲ್ಲಿ ಇದ್ದದ್ದು ಐದು ಸಾವಿರದಷ್ಟು. ಹಳೆಯ ಅಂದಾಜು ತಪ್ಪೇ, ಆದರೆ ಕಥೆ ಹೇಳುವವರು ಉಬ್ಬಿಸುವಷ್ಟಲ್ಲ. ಬೇಟೆ ನಡೆಯಬೇಕೆಂಬ ಸ್ವಂತ ಹಿತ ಬೇಟೆಗಾರರಿಗೆ ಇರಲಿಲ್ಲವೇ? ಖಂಡಿತ ಇತ್ತು. ಅವರ ಮಾತನ್ನು ಪರೀಕ್ಷೆಗೆ ಒಡ್ಡಿದ್ದು ಅವಮಾನವೇನಲ್ಲ; ಪರೀಕ್ಷಿಸದೆ ತಳ್ಳಿಹಾಕಿದ್ದು ಅವಮಾನ.

ತಪ್ಪು ಕಲ್ಪನೆ: ಉಪಕರಣ ಬಂದ ಮೇಲೆ ಹಿರಿಯರನ್ನು ಕೇಳುವುದೇನಿದೆ?

ಸತ್ಯ: ಕೆನಡಾದ ಲ್ಯಾಬ್ರಡಾರ್ ಕರಾವಳಿಯ ನೈನ್‌ನಲ್ಲಿ ಸ್ಮಾರ್ಟ್‌ಐಸ್ ಎಂಬ ಸಂಸ್ಥೆಯ ಸಂವೇದಕವನ್ನು ಜಾರುಬಂಡಿಯಲ್ಲಿಟ್ಟು, ಸ್ನೋಮೊಬೈಲ್ ಹಿಂದೆ ಕಟ್ಟಿ ಎಳೆದು, ಮಂಜುಗಡ್ಡೆಯ ದಪ್ಪ ಅಳೆಯುತ್ತಾರೆ. ಅದು ತಾನು ಹಾದುಹೋದ ಗೆರೆಯ ದಪ್ಪವನ್ನಷ್ಟೇ ಹೇಳಬಲ್ಲದು. ಯಾವ ದಾರಿಯಲ್ಲಿ ಎಳೆಯಬೇಕು, ಎಲ್ಲಿ ಅಡಿಯ ಸೆಳೆತ ಗಡ್ಡೆಯನ್ನು ಸವೆಸುತ್ತದೆ ಎಂಬುದು ಅಲ್ಲೇ ಓಡಾಡುವ ಇನ್ಯೂಟ್ ಜನರಿಗೆ ಗೊತ್ತು. ಬಂಡಿ ಎಳೆಯುವವರೂ ಅವರೇ.