ಯಾವ ಉಪ್ಪು?

ಕಾರವಾರದ ಹಬ್ಬುವಾಡದ ಅಜ್ಜಿಯೊಬ್ಬಳು ಬಿ.ಪಿ. ಮಾತ್ರೆಗೆಂದು ಔಷಧದ ಅಂಗಡಿಗೆ ಬಂದಿದ್ದಾಳೆ ಎಂದಿಟ್ಟುಕೊಳ್ಳಿ. ಹಿಂದಿನ ದಿನವಷ್ಟೇ ಡಾಕ್ಟರರು ‘ಉಪ್ಪು ಕಡಿಮೆ ಮಾಡಿ’ ಎಂದು ಎರಡೆರಡು ಸಲ ಹೇಳಿ ಕಳಿಸಿದ್ದಾರೆ. ಚೀಟಿಯಲ್ಲಿರುವ ಕಂಪನಿಯ ಮಾತ್ರೆ ಅಂಗಡಿಯಲ್ಲಿಲ್ಲ. ಹುಡುಗ ಇನ್ನೊಂದು ಪಟ್ಟಿ ತೆಗೆದು ಮುಂದಿಡುತ್ತಾನೆ. “ಕಂಪನಿ ಬೇರೆ ಅಷ್ಟೇ ಆಯಿ, ಸಾಲ್ಟ್ ಅದೇ.”

“ಸಾಲ್ಟ್ ಅಂದ್ರೆ ಉಪ್ಪೇ ಅಲ್ವೇನೋ ತಮಾ?”

ಅಜ್ಜಿಯ ಪ್ರಶ್ನೆ ನಗುವಂಥದ್ದಲ್ಲ. ಹುಡುಗನಿಗೂ ಅದಕ್ಕೆ ಒಂದೇ ಮಾತಿನಲ್ಲಿ ಉತ್ತರ ಕೊಡುವುದು ಕಷ್ಟ. ಅವಳು ಇರುವ ಊರಿನ ಹೆಸರೇ ಇಂಥ ಒಗಟು. ಹೊರಗಿನವರು ಹಬ್ಬು ಎಂದರೆ ಬಳ್ಳಿ ಹಬ್ಬುವುದನ್ನು ನೆನೆಯುತ್ತಾರೆ. ಕಾರವಾರ, ಅಂಕೋಲೆಯವರಿಗೆ ಹಬ್ಬು ಎಂಬುದು ತಮ್ಮ ನಡುವಿನ ಒಂದು ಸಮುದಾಯದ ಹೆಸರು, ಅಡ್ಡಹೆಸರು. ಪದ ಒಂದೇ, ಯಾರ ಬಾಯಲ್ಲಿ ಬಂತು ಎನ್ನುವುದರ ಮೇಲೆ ಅರ್ಥ. ಉಪ್ಪಿನ ವಿಷಯದಲ್ಲಂತೂ ಈ ಕರಾವಳಿಯಲ್ಲಿ ಬಾಯಿಗೊಂದು ಅರ್ಥವಿದೆ.

ಮೊದಲು ಹುಡುಗನ ಸಾಲ್ಟ್. ಅದು ಅವನಿಗೆ ಬಂದದ್ದು ರಸಾಯನಶಾಸ್ತ್ರದಿಂದ. ಆಮ್ಲವೂ ಪ್ರತ್ಯಾಮ್ಲವೂ ಕೂಡಿದಾಗ ಹುಟ್ಟುವ ವಸ್ತುವಿಗೆಲ್ಲ ರಸಾಯನಶಾಸ್ತ್ರಜ್ಞ ಉಪ್ಪು ಎನ್ನುತ್ತಾನೆ. ಅಡುಗೆ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್, ಆ ದೊಡ್ಡ ಕುಟುಂಬದ ಒಬ್ಬ ಸದಸ್ಯ ಮಾತ್ರ. ಅಂಕೋಲೆಯ ಘಟ್ಟದ ಬುಡದ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಬೇಕು; ಆ ನೀಲಿ ಹರಳೂ ಉಪ್ಪೇ, ಬಾಯಿಗಿಟ್ಟರೆ ವಿಷ. ಬಟ್ಟೆ ತೊಳೆಯುವ ಸಾಬೂನು ಎಣ್ಣೆಯ ಆಮ್ಲಗಳಿಗೆ ಸೋಡಿಯಂ ಕೂಡಿದ ಉಪ್ಪು. ಕಾಳಿ ನದಿಯ ಅಳಿವೆಯಲ್ಲಿ ಹೆಕ್ಕುವ ಚಿಪ್ಪಿನ ಗಟ್ಟಿ ಹೊದಿಕೆ ಕ್ಯಾಲ್ಸಿಯಂ ಕಾರ್ಬೊನೇಟ್, ಅದೂ ಉಪ್ಪು. ಇವುಗಳಲ್ಲಿ ಯಾವುದನ್ನೂ ಸಾರಿಗೆ ಹಾಕುವಂತಿಲ್ಲ.

ಕನ್ನಡದ ಪಠ್ಯಪುಸ್ತಕ ಬರೆದವರು ಈ ಗೊಂದಲವನ್ನು ಮೊದಲೇ ಕಂಡಿದ್ದರು. ಅಡುಗೆಮನೆಗೆ ಉಪ್ಪು, ಪ್ರಯೋಗಶಾಲೆಗೆ ಲವಣ ಎಂದು ಎರಡು ಪಾಲು ಮಾಡಿದರು. ಒಳ್ಳೆಯ ಏರ್ಪಾಡು, ಆದರೆ ಪರೀಕ್ಷೆಯ ಕೋಣೆಯ ಹೊರಗೆ ಅದು ನಡೆಯಲಿಲ್ಲ. ಲವಣ ಎನ್ನುವುದು ಮೂಲದಲ್ಲಿ ಅಡುಗೆಯ ಉಪ್ಪಿಗೇ ಸಂಸ್ಕೃತದ ಹೆಸರು. ಚೆಲುವನ್ನು ಹೇಳುವ ಲಾವಣ್ಯವೂ ಅದರಿಂದಲೇ ಹುಟ್ಟಿದ್ದು. ಔಷಧದ ಅಂಗಡಿಯ ಹುಡುಗನಂತೂ ಎರಡನ್ನೂ ಬಿಟ್ಟು ಇಂಗ್ಲಿಷಿನ ಸಾಲ್ಟ್‌ಗೇ ಹೋದ.

ಅವನ ಮಾತಿಗೆ ಆಧಾರವಿದೆ. ಔಷಧದ ಎಷ್ಟೋ ಅಣುಗಳು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಕೆಲವು ಬೇಗ ಕೆಡುತ್ತವೆ. ಅವನ್ನು ಆಮ್ಲವೋ ಪ್ರತ್ಯಾಮ್ಲವೋ ಒಂದರ ಜೊತೆ ಕೂಡಿಸಿ ಉಪ್ಪಾಗಿಸಿದರೆ ಮಾತ್ರೆ ಕಟ್ಟಲೂ ಹೊಟ್ಟೆಯಲ್ಲಿ ಕರಗಲೂ ಅನುಕೂಲ. ರಕ್ತದೊತ್ತಡಕ್ಕೆ ಕೊಡುವ ಅಮ್ಲೋಡಿಪಿನ್ ಬೆಸಿಲೇಟ್, ಲೋಸಾರ್ಟಾನ್ ಪೊಟ್ಯಾಸಿಯಂ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಹೈಡ್ರೋಕ್ಲೋರೈಡ್ ಇವೆಲ್ಲ ಆ ಬಗೆಯವು. ಹೆಸರಿನ ಎರಡನೆಯ ತುಂಡೇ ಗುರುತು. ಹಾಗಾಗಿ ಉಪ್ಪು ಕಡಿಮೆ ಮಾಡಿ ಎಂದ ಡಾಕ್ಟರರೇ ಅಜ್ಜಿಗೆ ದಿನಕ್ಕೊಂದು ಉಪ್ಪು ಬರೆದುಕೊಟ್ಟಿದ್ದಾರೆ. ಅವಳ ಮಾತ್ರೆಯ ಅಮ್ಲೋಡಿಪಿನ್ ಬೆಸಿಲೇಟಿನಲ್ಲಿ ಸೋಡಿಯಂ ಇಲ್ಲ, ಅವಳು ಹೆದರಬೇಕಾಗಿಲ್ಲ.

ಅಂಗಡಿಗಳಲ್ಲಿ ಈ ಪದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಈಗ ಅಲ್ಲಿ ಸಾಲ್ಟ್ ಎಂದರೆ ಮಾತ್ರೆಯೊಳಗಿನ ಮೂಲ ಔಷಧ, ಅಷ್ಟೇ. ಜ್ವರದ ಪ್ಯಾರಾಸಿಟಮಾಲ್ ರಸಾಯನಶಾಸ್ತ್ರದ ಲೆಕ್ಕದಲ್ಲಿ ಉಪ್ಪೇ ಅಲ್ಲ. ಬಿ.ಪಿ.ಯ ಟೆಲ್ಮಿಸಾರ್ಟಾನ್ ಕೂಡ ಅಲ್ಲ. ಆದರೂ ‘ಇದರ ಸಾಲ್ಟ್ ಪ್ಯಾರಾಸಿಟಮಾಲ್’ ಎನ್ನುವುದಕ್ಕೆ ಯಾರ ಆಕ್ಷೇಪವೂ ಇಲ್ಲ. ಜನೌಷಧಿ ಕೇಂದ್ರಗಳು ಬಂದ ಮೇಲೆ, ಕಂಪನಿಯ ಹೆಸರಿಗೆ ದುಡ್ಡು ಕೊಡದೆ ಒಳಗಿನ ಔಷಧ ನೋಡಿ ಕೊಳ್ಳಬೇಕೆಂದಿರುವ ಗಿರಾಕಿಗೆ ಈ ತಪ್ಪು ಬಳಕೆಯೇ ಉಪಕಾರಕ್ಕೆ ಬಂದಿದೆ. ವ್ಯಾಕರಣಕ್ಕೆ ಸಿಟ್ಟು ಬಂದರೂ ಜೇಬಿಗೆ ಹಿತ.

ಇನ್ನು ಡಾಕ್ಟರರ ಉಪ್ಪು. ಅವರ ಬಾಯಲ್ಲಿ ಅದು ಸೋಡಿಯಂ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು ಎನ್ನುವಾಗ ಅದರ ಕಣ್ಣಿರುವುದು ಆ 5 ಗ್ರಾಮಿನೊಳಗಿನ ಸುಮಾರು 2 ಗ್ರಾಂ ಸೋಡಿಯಂ ಮೇಲೆ. ವಯಸ್ಸಾದವರು ಮಂಕಾಗಿ ಬಿದ್ದುಕೊಂಡಾಗ ‘ಮೈಯಲ್ಲಿ ಉಪ್ಪಿನಂಶ ಕಡಿಮೆಯಾಗಿದೆ’ ಎಂದು ಮನೆಯವರಿಗೆ ಹೇಳುವುದೂ ಅದನ್ನೇ. ಆದರೆ ಅದೇ ಡಾಕ್ಟರರು ಮೊಮ್ಮಗನ ಭೇದಿಗೆ ಓ.ಆರ್.ಎಸ್. ಕೊಟ್ಟಾಗ ಅರ್ಥ ಮತ್ತೆ ಹಿಗ್ಗುತ್ತದೆ. ಒಂದು ಲೀಟರ್ ನೀರಿಗೆ ಕಲಸುವ ಆ ಪುಡಿಯಲ್ಲಿ 13.5 ಗ್ರಾಂ ಗ್ಲೂಕೋಸ್ ಬಿಟ್ಟರೆ ಮೂರು ಬಗೆಯ ಉಪ್ಪು: ಸೋಡಿಯಂ ಕ್ಲೋರೈಡ್ 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸೋಡಿಯಂ ಸಿಟ್ರೇಟ್ 2.9 ಗ್ರಾಂ.

ಹಬ್ಬುವಾಡದಿಂದ ಕೋಡಿಬಾಗದ ಕಡೆ, ಕಾಳಿ ಸಮುದ್ರ ಸೇರುವಲ್ಲಿಗೆ ಹೋದರೆ ಇನ್ನೊಂದು ಉಪ್ಪು ಎದುರಾಗುತ್ತದೆ. ಕಡಲನ್ನು ಅಭ್ಯಾಸ ಮಾಡುವವರಿಗೆ ಉಪ್ಪು ವಸ್ತುವಲ್ಲ, ಅಳತೆ. ಒಂದು ಕಿಲೋ ಕಡಲನೀರಿನಲ್ಲಿ ಸರಾಸರಿ 35 ಗ್ರಾಂ ಉಪ್ಪು ಎನ್ನುತ್ತಾರಲ್ಲ, ಅದರಲ್ಲಿ ಸೋಡಿಯಂ ಕ್ಲೋರೈಡಿನ ಜೊತೆ ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲವೂ ಸೇರಿವೆ. ಅಳೆಯುವುದೂ ನೀರು ಕುದಿಸಿ ತೂಗಿ ಅಲ್ಲ. ನೀರಿನಲ್ಲಿ ವಿದ್ಯುತ್ತು ಎಷ್ಟು ಸರಾಗವಾಗಿ ಹರಿಯುತ್ತದೆ ಎಂದು ನೋಡಿ. ಮಳೆಗಾಲದಲ್ಲಿ ಕಾಳಿ ಕೆಂಪಾಗಿ ಇಳಿದಾಗ ಅಳಿವೆಯಲ್ಲಿ ಆ ಸಂಖ್ಯೆ ಕುಸಿಯುತ್ತದೆ, ಬೇಸಿಗೆಯ ಭರತಿಯಲ್ಲಿ ಏರುತ್ತದೆ. ಯಾವ ಮೀನು, ಯಾವ ಚಿಪ್ಪು ಎಲ್ಲಿಯವರೆಗೆ ಒಳಗೆ ಬರಬೇಕೆಂಬುದನ್ನು ಆ ಏರಿಳಿತವೇ ಬಹುಮಟ್ಟಿಗೆ ನಿರ್ಧರಿಸುತ್ತದೆ.

ಕಡಲಿನವರ ಈ ಕಲಸುಮೇಲೋಗರದ ಉಪ್ಪು ಅಡುಗೆಮನೆಯ ಉಪ್ಪಾಗುವ ಜಾಗವೊಂದಿದೆ. ಅದರ ಹೆಸರು ಆಗರ. ಬಯಲುಸೀಮೆಯ ಓದುಗರಿಗೆ ಆಗರ ಎಂದರೆ ನಿಧಿ, ನೆಲೆ. ‘ಜ್ಞಾನದ ಆಗರ’ ಎಂದು ಸನ್ಮಾನ ಪತ್ರಗಳಲ್ಲಿ ಬರೆಯುತ್ತಾರೆ. ಈ ಕರಾವಳಿಯಲ್ಲಿ ಆಗರ ಎಂದರೆ ಉಪ್ಪು ಬೆಳೆಯುವ ಮಡಿಗಳು. ಆ ಕೆಲಸ ಮಾಡಿಕೊಂಡು ಬಂದವರು ಆಗೇರರು. ಗೋಕರ್ಣದ ಪಕ್ಕದ ಸಾಣಿಕಟ್ಟೆಯಲ್ಲಿ ಆಗರಗಳು ಇಂದಿಗೂ ಇವೆ. ಭರತಿಯ ನೀರನ್ನು ಒಳಬಿಟ್ಟು, ಮಡಿಯಿಂದ ಮಡಿಗೆ ಸರಿಸುತ್ತ ಬಿಸಿಲಿಗೆ ಇಂಗಿಸುತ್ತಾರೆ. ಮೊದಲು ಸುಣ್ಣದ ಜಾತಿಯವು ತಳ ಸೇರುತ್ತವೆ, ಆಮೇಲೆ ಸೋಡಿಯಂ ಕ್ಲೋರೈಡ್ ಹರಳುಗಟ್ಟುತ್ತದೆ, ಮೆಗ್ನೀಸಿಯಮ್ಮಿನ ಕಹಿನೀರು ಕೊನೆಗೆ ಉಳಿಯುತ್ತದೆ. ಎಷ್ಟು ಹೊತ್ತಿಗೆ ಎಳೆಯಬೇಕು, ಯಾವಾಗ ನೀರು ಬಿಡಬೇಕು ಎಂಬ ಆಗೇರರ ಕಣ್ಣಂದಾಜಿನೊಳಗೆ ಒಂದು ರಸಾಯನಶಾಸ್ತ್ರ ಕೂತಿದೆ, ಲವಣ ಎಂಬ ಪದದ ಹಂಗಿಲ್ಲದೆ.

ಅಲ್ಲಿಂದ ಸ್ವಲ್ಪ ಆಚೆ, ಅಳಿವೆಯ ಗಜನಿ ಗದ್ದೆಗಳಲ್ಲಿ ಇದೇ ಉಪ್ಪು ವೈರಿ. ಅದನ್ನು ತಡೆಯಲು ಕಟ್ಟಿದ ಒಡ್ಡುಗಳಿಗೆ ಸರ್ಕಾರಿ ಕಡತದಲ್ಲಿ ಖಾರ್‌ಲ್ಯಾಂಡ್ ಒಡ್ಡು ಎಂದು ಹೆಸರು. ಕನ್ನಡಿಗರ ಕಿವಿಗೆ ಖಾರ ಎಂದರೆ ಮೆಣಸು. ಮುಂಬಯಿ ಪ್ರಾಂತದ ಕಾಲದಿಂದ ಉಳಿದುಬಂದ ಈ ಖಾರ ಮೆಣಸಿನದಲ್ಲ, ಕ್ಷಾರದಿಂದ ಬಂದದ್ದು, ಉಪ್ಪಿನದು. ಕಾರವಾರದ ಕೊಂಕಣಿ ಮನೆಗಳಲ್ಲಿ ಖಾರೆಂ ಎಂದರೆ ಉಪ್ಪುಹಾಕಿ ಒಣಗಿಸಿದ ಮೀನು. ಶಾಲೆಗೆ ಹೋದ ಮಗುವಿಗೆ ಕ್ಷಾರ ಎಂದರೆ ಆಮ್ಲದ ವಿರುದ್ಧದ್ದು. ಒಂದೇ ಬೇರಿನ ಪದ ಒಂದೇ ಮನೆಯ ಅಡುಗೆಯವಳಿಗೆ, ಗದ್ದೆಯವನಿಗೆ, ಶಾಲೆಯ ಹುಡುಗಿಗೆ ಬೇರೆಬೇರೆಯಾಗಿ ಕೇಳಿಸುತ್ತದೆ. ಆ ಗಜನಿಯಲ್ಲೇ ಉಪ್ಪುನೀರನ್ನು ತಾಳಿ ಬೆಳೆಯುವ ಭತ್ತದ ಹೆಸರು ಕಗ್ಗ. 1943ರಲ್ಲಿ ಡಿ.ವಿ.ಜಿ.ಯವರು ತಮ್ಮ ಕಾವ್ಯಕ್ಕಿಟ್ಟ ಹೆಸರಿನ ಕಗ್ಗವಂತೂ ಬೇರೆಯೇ, ಹುರುಳಿಲ್ಲದ ಗೊಂದಲದ ಮಾತು ಎಂಬ ಅರ್ಥದ್ದು. ಗಜನಿಯ ರೈತ ಆ ಪುಸ್ತಕವನ್ನು ಮೊದಲ ಸಲ ಕಂಡಾಗ ಏನೆಂದುಕೊಂಡನೋ!

ಉಪ್ಪಿನ ಎಲ್ಲ ಅರ್ಥಗಳಲ್ಲಿ ಅತ್ಯಂತ ವಿಚಿತ್ರವಾದದ್ದು ಕಾನೂನಿನದು. ಉತ್ತರ ಕನ್ನಡಕ್ಕೆ ಅನ್ವಯವಾಗುತ್ತಿದ್ದ 1890ರ ಮುಂಬಯಿ ಉಪ್ಪಿನ ಕಾಯ್ದೆಯಲ್ಲಿ ರುಚಿಗೆ ಬೆಲೆಯಿಲ್ಲ, ಪರವಾನಗಿಗೆ ಬೆಲೆ. ಯಾರೂ ಮಾಡದೆ ಬಂಡೆಯ ಕುಳಿಯಲ್ಲೋ ಜೌಗಿನ ದಂಡೆಯಲ್ಲೋ ತಾನಾಗಿ ಕಟ್ಟಿದ ಉಪ್ಪನ್ನು ಕೆರೆದುಕೊಂಡು ಹೋದರೂ ಅಪರಾಧ. ಸಮುದ್ರ ಬಾಗಿಲಲ್ಲಿದ್ದರೂ ಉಪ್ಪಿಗೆ ತೆರಿಗೆ ಕೊಟ್ಟೇ ತೀರಬೇಕು. ಗಾಂಧೀಜಿ 1930ರ ಏಪ್ರಿಲ್ 6ರಂದು ದಂಡಿಯಲ್ಲಿ ಮುರಿದದ್ದು ಇಂಥ ಅರ್ಥವನ್ನೇ. ಒಂದು ವಾರ ಕಳೆದು ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಜನ ಉಪ್ಪು ಮಾಡಿದರು. ಆ ಮೊದಲ ಪೊಟ್ಟಣವನ್ನು ಹರಾಜಿಗಿಟ್ಟಾಗ ರೇವು ಹೊನ್ನಪ್ಪ ನಾಯಕರು 30 ರೂಪಾಯಿಗೆ ಕೊಂಡರು.

ಆ ಕಾಲದ 30 ರೂಪಾಯಿ ಎಂದರೆ ಸಾಮಾನ್ಯ ಕುಟುಂಬ ವರ್ಷಗಟ್ಟಲೆ ಉಪ್ಪು ತಿಂದರೂ ಮುಗಿಯದ ಹಣ. ಹಾಗಾದರೆ ಆ ಪೊಟ್ಟಣದಲ್ಲಿದ್ದದ್ದು ಏನು? ರಸಾಯನಶಾಸ್ತ್ರಜ್ಞನ ಪಾಲಿಗೆ ಸೋಡಿಯಂ ಕ್ಲೋರೈಡು. ಪೊಲೀಸರ ಪಾಲಿಗೆ ಕಳ್ಳಮಾಲು. ಕೊಂಡವರ ಪಾಲಿಗೆ ಅದು ಅಡುಗೆಗೆ ಬಳಸುವ ವಸ್ತುವೇ ಆಗಿರಲಿಲ್ಲ. ಮುಂದಿನ ವರ್ಷದ ಗಾಂಧಿ–ಇರ್ವಿನ್ ಒಪ್ಪಂದ ಕರಾವಳಿಯವರು ಮನೆಬಳಕೆಗೆ ಉಪ್ಪು ಮಾಡಿಕೊಳ್ಳಬಹುದೆಂದು ಒಪ್ಪಿತು. ಹೊರಗೆ ಮಾರುವ ಉಪ್ಪು ಮಾತ್ರ ಹಳೆಯ ಅರ್ಥದಲ್ಲೇ ಉಳಿಯಿತು. ತೆರಿಗೆ ಹೋದದ್ದು 1947ರಲ್ಲಿ. ಆದರೆ 1944ರ ಕೇಂದ್ರ ಅಬಕಾರಿ ಮತ್ತು ಉಪ್ಪಿನ ಕಾಯ್ದೆ ತನ್ನ ಹೆಸರಿನಿಂದ ಉಪ್ಪನ್ನು ಕಿತ್ತುಹಾಕಿದ್ದು 1996ರಲ್ಲಿ. ಬಿಡದೆ ಅಂಟಿಕೊಳ್ಳುವುದು ಉಪ್ಪಿನ ಗುಣವೇ ಇರಬೇಕು!

ಈಗಿನ ಕಾನೂನು ಇನ್ನೊಂದು ಗೆರೆ ಎಳೆದಿದೆ. ತಿನ್ನುವುದಕ್ಕೆಂದು ಮಾರುವ ಉಪ್ಪಿನಲ್ಲಿ ಅಯೋಡಿನ್ ಇರಲೇಬೇಕು. ಗಳಗಂಡ ತಡೆಯುವ ಈ ನಿಯಮ 2006ರಿಂದ ದೇಶದಲ್ಲೆಲ್ಲ ಜಾರಿಯಲ್ಲಿದೆ. ಕೊಳ್ಳುವವರ ಕೈಸೇರುವಾಗ ಹತ್ತು ಲಕ್ಷದಲ್ಲಿ ಕನಿಷ್ಠ 15 ಪಾಲು. ಆಗರದಿಂದ ನೇರ ಬಂದ ಹರಳುಪ್ಪು ಅಯೋಡಿನ್ ಸೇರುವವರೆಗೆ ಕಾಗದದ ಮೇಲೆ ಊಟದ ಉಪ್ಪಲ್ಲ. ತೆಂಗಿನ ಬುಡಕ್ಕೆ ಹಾಕಬಹುದು, ಚರ್ಮ ಹದಮಾಡಲು ಬಳಸಬಹುದು.

ಕಂಪ್ಯೂಟರಿನವರೂ ಉಪ್ಪನ್ನು ಬಿಟ್ಟಿಲ್ಲ. ಕಾರವಾರದಲ್ಲೊಬ್ಬ, ಅಂಕೋಲೆಯಲ್ಲೊಬ್ಬಳು ಒಂದೇ ಪಾಸ್‌ವರ್ಡ್ ಇಟ್ಟುಕೊಂಡರೆನ್ನಿ. ಯಂತ್ರ ಅದನ್ನು ಇದ್ದ ಹಾಗೇ ಬರೆದಿಡದೆ ಅರೆದು ಗುರುತು ಸಿಗದಂತೆ ಮಾಡಿ ಇಡುತ್ತದೆ. ಆದರೆ ಒಂದೇ ಕಾಳು ಅರೆದರೆ ಒಂದೇ ಹಿಟ್ಟು. ಒಬ್ಬರದು ಕಳ್ಳನಿಗೆ ತಿಳಿದರೆ ಇನ್ನೊಬ್ಬರದೂ ತಿಳಿದಂತೆ. ಅದಕ್ಕೆ ಅರೆಯುವ ಮೊದಲು ಒಬ್ಬೊಬ್ಬರದಕ್ಕೂ ಬೇರೆ ಬೇರೆ ಮನಬಂದ ಅಕ್ಷರಗಳನ್ನು ಚಿಟಿಕೆಯಷ್ಟು ಸೇರಿಸುತ್ತಾರೆ. ಆ ಚಿಟಿಕೆಯ ಹೆಸರು ಸಾಲ್ಟ್. ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲಿ ಈ ಉಪಾಯವನ್ನು ವಿವರಿಸಿದಾಗ ಒಂದು ಪಾಸ್‌ವರ್ಡಿಗೆ 4,096 ಬಗೆಯ ಸಾಲ್ಟ್ ಸಾಧ್ಯವಿತ್ತು. ಇಲ್ಲಿ ಸೋಡಿಯಮ್ಮೂ ಇಲ್ಲ, ಆಮ್ಲವೂ ಇಲ್ಲ. ಸ್ವಲ್ಪ ಹಾಕಿದರೆ ಇಡೀ ಪಾತ್ರೆಯ ಹದ ಬದಲಾಗುತ್ತದೆ, ಹಾಕಿದ ಮೇಲೆ ಬೇರೆ ಮಾಡಲಾಗದು ಎಂಬ ಅಡುಗೆಯವರ ಅನುಭವವೊಂದೇ ಇರುವುದು. ಔಷಧದ ಅಂಗಡಿಯ ಸಾಲ್ಟಿಗಿಂತ ಇದೇ ಅಜ್ಜಿಗೆ ಬೇಗ ಅರ್ಥವಾದೀತು.

ಅವಳಿಗೆ ಗೊತ್ತಿರುವ ಉಪ್ಪೂ ಒಂದೇ ಬಗೆಯದಲ್ಲ. ಉಪ್ಪುಂಡ ಮನೆಗೆ ಎರಡು ಬಗೆಯಬಾರದು ಎನ್ನುವಾಗ ಉಪ್ಪು ಎಂದರೆ ಋಣ. ಉಪ್ಪು ತಿಂದವ ನೀರು ಕುಡಿಯಲೇಬೇಕು ಎನ್ನುವಾಗ ಅದೇ ಉಪ್ಪು ತಪ್ಪು. ಪಕ್ಕದ ಮನೆಯ ಸುದ್ದಿಗೆ ಉಪ್ಪು ಖಾರ ಹಚ್ಚಿದರೆ ಸುಳ್ಳು. ಮಗುವಿನ ದೃಷ್ಟಿ ತೆಗೆದು ಒಲೆಗೆ ಹಾಕಿದರೆ ರಕ್ಷೆ. ಇವನ್ನೆಲ್ಲ ಒಂದೇ ದಿನದಲ್ಲಿ, ಒಂದಕ್ಕೊಂದು ಬೆರೆಸದೆ ಆಡಿಬಿಡುತ್ತಾಳೆ.

ಅಂಗಡಿಯಿಂದ ಅವಳು ಹೊರಟಾಗ ಚೀಲದಲ್ಲಿ ಬೇರೆ ಕಂಪನಿಯ ಮಾತ್ರೆಯ ಪಟ್ಟಿ, ಮೊಮ್ಮಗನಿಗೆ ಎರಡು ಓ.ಆರ್.ಎಸ್. ಪೊಟ್ಟಣ. ಅವುಗಳ ಕೆಳಗೆ, ಬೆಳಿಗ್ಗೆ ಮೀನುಪೇಟೆಯಲ್ಲಿ ಕೊಂಡು ಕಾಗದದಲ್ಲಿ ಸುತ್ತಿಟ್ಟ ಒಣ ಬಂಗಡೆ. ಡಾಕ್ಟರರು ಕಡಿಮೆ ಮಾಡಿ ಎಂದ ಉಪ್ಪು ಇದ್ದದ್ದು ಅದರಲ್ಲಿ. ಅದರ ಬಗ್ಗೆ ಅವಳು ಯಾರನ್ನೂ ಕೇಳಲಿಲ್ಲ.