‘ಮಾತ್ರ’ ಎನ್ನುವ ಮುನ್ನ

ಎಂ.ಎಸ್ಸಿ. ಮೌಖಿಕ ಪರೀಕ್ಷೆಯಲ್ಲಿ ‘ಜೀನ್‌ಗಳನ್ನು ನಿಯಂತ್ರಿಸುವುದು ಪ್ರೋಟೀನ್‌ಗಳು ಮಾತ್ರ’ ಎಂದುಬಿಟ್ಟೆ. ‘ರೈಬೋಸ್ವಿಚ್ ಬಗ್ಗೆ ಓದಿಲ್ವೇನಮ್ಮಾ?’ ಎಂದರು ಪರೀಕ್ಷಕರು. ತಲೆ ತಗ್ಗಿಸಿದೆ.

ಸಂಜೆಯೇ ಗ್ರಂಥಾಲಯದಲ್ಲಿ ಹುಡುಕಿದೆ. 2002ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರೊನಾಲ್ಡ್ ಬ್ರೇಕರ್ ತಂಡ ಇದನ್ನು ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ತೋರಿಸಿಕೊಟ್ಟಿತ್ತು. ವಿಟಮಿನ್ ಬಿ1 ತಯಾರಿಕೆಗೆ ಬೇಕಾದ ಜೀನ್‌ನ ಸಂದೇಶ ಹೊತ್ತ ಆರ್‌ಎನ್‌ಎಯ ಮುಂಭಾಗ ಮಡಚಿಕೊಂಡು, ಎರಡು ತೋಳುಗಳಂತೆ, ಬಿ1ರ ಸಕ್ರಿಯ ರೂಪವಾದ ಟಿಪಿಪಿ ಅಣುವನ್ನು ಎರಡೂ ತುದಿಗಳಲ್ಲಿ ಹಿಡಿಯುತ್ತದೆ. ಆಗ ಆರ್‌ಎನ್‌ಎಯ ಆಕಾರ ಬದಲಾಗಿ ರೈಬೋಸೋಮ್ ಕೂರುವ ಜಾಗ ಮುಚ್ಚಿಹೋಗುತ್ತದೆ. ಆ ಜೀನ್‌ನ ಕೆಲಸ ನಿಲ್ಲುತ್ತದೆ. ವಿಟಮಿನ್ ಸಾಲದಿದ್ದಾಗ ಜಾಗ ತೆರೆದೇ ಇರುತ್ತದೆ. ಅಣುವನ್ನು ಗುರುತಿಸಲು ಪ್ರೋಟೀನ್‌ನ ಹಂಗೇ ಇಲ್ಲ!

ಅಂದು ಹೋದ ಅಂಕ ಮರಳಿ ಬರಲಿಲ್ಲ. ಆದರೆ ‘ಮಾತ್ರ’ ಎನ್ನುವ ಮುನ್ನ ಈಗ ಎರಡು ಸಲ ಯೋಚಿಸುತ್ತೇನೆ.